ಮೂಗು ನೋಡುವ ಕಣ್ಣು ಹಿಕ್ಕೆಯನ್ನೂ ನೋಡಲಿ

(ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಒಂದು ಹಳ್ಳಿಯಲ್ಲಿ, ಕನ್ನಡ ಶಾಲೆಯ ಅಂಗಳದಲ್ಲಿ ಕುರಿಗಾರರ ಮುಂದೆ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಹಿರಿಯರೇ, ತಾಯಂದಿರೇ, ಹಿಂಡನ್ನು ಬೇರೆಯವರ ಕೈಗೆ ಒಪ್ಪಿಸಿ ಇಲ್ಲಿಯವರೆಗೆ ಬಂದ ಗೆಳೆಯರೇ,

ಮಾಡಗ್ಯಾಳದ ಸಂತೆಯಲ್ಲಿ ಬೀಜದ ಟಗರು ಕೊಳ್ಳುವವರನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಮೊದಲು ಮೂಗು. ಅದು ಗಿಣಿಯ ಕೊಕ್ಕಿನಂತೆ ಬಾಗಿರಬೇಕು. ಆಮೇಲೆ ಜೋಲುವ ಕಿವಿ, ಕುತ್ತಿಗೆಯ ಉದ್ದ, ಕಾಲಿನ ಎತ್ತರ, ಬಿಳಿ ಮೈಮೇಲಿನ ಕಂದು ಮಚ್ಚೆ. ತುಟಿ ಸರಿಸಿ ಹಲ್ಲು ಎಣಿಸುತ್ತಾರೆ. ಬೆನ್ನಿನ ಮೇಲೆ ಅಂಗೈ ಒತ್ತಿ ಮಾಂಸ ಅಳೆಯುತ್ತಾರೆ. ಬೀಜ ಹಿಡಿದು ನೋಡುತ್ತಾರೆ. ಎಲ್ಲವೂ ಒಪ್ಪಿಗೆಯಾದರೆ ಒಂದು ಟಗರಿಗೆ ಲಕ್ಷಗಟ್ಟಲೆ ಬೆಲೆ ಕೂಗುವುದನ್ನು ನೀವೂ ಕಂಡಿದ್ದೀರಿ. ಇಷ್ಟೆಲ್ಲ ನಡೆಯುತ್ತಿರುವಾಗ ಆ ಟಗರು ಹಾಕಿದ ಹಿಕ್ಕೆ ಎಲ್ಲರ ಕಾಲಡಿಯಲ್ಲಿ ಬಿದ್ದಿರುತ್ತದೆ. ಅದನ್ನು ತುಳಿದುಕೊಂಡೇ ವ್ಯಾಪಾರ ಮುಗಿಯುತ್ತದೆ. ನಾನು ಇಂದು ಮಾತನಾಡಲು ಬಂದಿರುವುದು ಆ ಹಿಕ್ಕೆಯ ಬಗ್ಗೆ.

ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಮನೆಯ ಹಿಂಡಿನಲ್ಲಿ ನಡೆದದ್ದನ್ನು ಮೊದಲು ಹೇಳುತ್ತೇನೆ. ಹಿಂಗಾರು ಮಳೆ ಚೆನ್ನಾಗಿ ಬಿದ್ದ ವರ್ಷ ಅದು. ಮೇವಿಗೆ ಕೊರತೆ ಇರಲಿಲ್ಲ. ಆದರೂ ಮರಿಗಳು ಸೊರಗಿದವು. ಎರಡು ಕುರಿಗಳಿಗೆ ಗದ್ದದ ಕೆಳಗೆ ನೀರು ತುಂಬಿದಂತೆ ಬಾವು ಬಂತು. ಪೇಟೆಯ ಅಂಗಡಿಯಿಂದ ಜಂತಿನ ಔಷಧಿ ತಂದು ಹಿಂಡಿಗೆಲ್ಲ ಕುಡಿಸಿದೆವು. ವಾರ ಕಳೆದರೂ ಗುಣ ಕಾಣಲಿಲ್ಲ. ಬೇರೆ ಡಬ್ಬಿಯ ಔಷಧಿ ತಂದು ಮತ್ತೆ ಕುಡಿಸಿದೆವು. ನಾಲ್ಕನೆಯ ದಿನ ಒಂದು ಒಳ್ಳೆಯ ಹೆಣ್ಣುಕುರಿ ಸತ್ತಿತು. ಹೊಟ್ಟೆ ಕೊಯ್ದು ನೋಡಿದರೆ ನಾಲ್ಕನೆಯ ಹೊಟ್ಟೆಯ ಒಳಗೋಡೆಯ ಮೇಲೆ ಕೆಂಪು ದಾರದ ಎಳೆಗಳಂತೆ ಜಂತುಗಳು, ಇನ್ನೂ ಹೊರಳಾಡುತ್ತಿದ್ದವು. ಔಷಧಿ ಕುಡಿಸಿ ನಾಲ್ಕು ದಿನವಾದ ಮೇಲೂ ಅವು ಜೀವಂತ. ಅಪ್ಪ ಏನೂ ಮಾತನಾಡದೆ ಎದ್ದು ಹೋದರು. ಎರಡು ಡಬ್ಬಿಗಳ ಹೆಸರು ಬೇರೆ, ಬಣ್ಣ ಬೇರೆ, ಬೆಲೆ ಬೇರೆ. ಒಳಗಿದ್ದ ಔಷಧಿ ಮಾತ್ರ ಒಂದೇ ಕುಲದ್ದು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಅಲ್ಬೆಂಡಝೋಲ್‌ಗೆ ಬಗ್ಗದ ಜಂತು ಫೆನ್‌ಬೆಂಡಝೋಲ್‌ಗೂ ಬಗ್ಗುವುದಿಲ್ಲ. ಎರಡೂ ಜಂತಿನ ಮೈಯಲ್ಲಿ ಹೊಡೆಯುವುದು ಒಂದೇ ಜಾಗಕ್ಕೆ.

ಆ ಜಂತಿನ ಹೆಸರು ಹೀಮಾಂಕಸ್ ಕಂಟಾರ್ಟಸ್. ಹೆಣ್ಣು ಜಂತು ಎರಡರಿಂದ ಮೂರು ಸೆಂಟಿಮೀಟರ್ ಉದ್ದ. ರಕ್ತ ತುಂಬಿದ ಅದರ ಕರುಳು ಕೆಂಪು. ಅದಕ್ಕೆ ಸುತ್ತಿಕೊಂಡ ಅಂಡಕೋಶ ಬಿಳಿ. ಕೆಂಪು ಬಿಳಿ ನೂಲನ್ನು ಹುರಿ ಮಾಡಿದಂತೆ ಕಾಣುತ್ತದೆ. ಒಂದು ಜಂತು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಕಳೆಯುತ್ತದೆ. ಇದು ಒಂದು ಹನಿ. ಆದರೆ ಹೊಟ್ಟೆಯಲ್ಲಿ 5,000 ಜಂತುಗಳಿದ್ದರೆ ದಿನಕ್ಕೆ 250 ಮಿಲಿಲೀಟರ್, ಅಂದರೆ ಕಾಲು ಲೀಟರ್ ರಕ್ತ. ರಕ್ತದ ಜೊತೆ ಸಸಾರಜನಕವೂ (ಪ್ರೋಟೀನ್) ಸೋರಿಹೋಗುವುದರಿಂದಲೇ ಗದ್ದದ ಕೆಳಗೆ ನೀರು ನಿಲ್ಲುತ್ತದೆ. ಹೆಣ್ಣು ಜಂತು ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. ಮೊಟ್ಟೆಗಳು ಹಿಕ್ಕೆಯ ಜೊತೆ ಹೊರಬಿದ್ದು, ಬೆಚ್ಚಗೆ ಒದ್ದೆಯಾಗಿದ್ದರೆ ವಾರದೊಳಗೆ ಒಡೆದು, ಮರಿಹುಳುಗಳು ಎರಡು ಸಲ ಪೊರೆ ಬದಲಿಸಿ, ಬೆಳಗಿನ ಇಬ್ಬನಿಯ ತೇವದಲ್ಲಿ ಹುಲ್ಲಿನ ಗರಿ ಏರಿ ಕಾಯುತ್ತವೆ. ಕುರಿ ಆ ಹುಲ್ಲು ತಿಂದ ಮೂರು ವಾರಗಳಲ್ಲಿ ಹೊಸ ಜಂತು ಮೊಟ್ಟೆ ಇಡಲು ಶುರು ಮಾಡುತ್ತದೆ.

ಈಗ ನಮ್ಮ ನೆಲದ ಮಾತು. ಜತ್ತ ಬರದ ತಾಲೂಕು. ಬರ ನಮ್ಮಿಂದ ಕಿತ್ತುಕೊಂಡದ್ದಕ್ಕೆ ಲೆಕ್ಕವಿಲ್ಲ. ಆದರೆ ಒಂದು ಉಪಕಾರವನ್ನು ಅದು ನಮಗೆ ತಿಳಿಯದಂತೆ ಮಾಡುತ್ತಿತ್ತು. ಫೆಬ್ರುವರಿಯಿಂದ ಮೇವರೆಗಿನ ಬಿಸಿಲು ಅಡವಿಯ ಹುಲ್ಲಿನ ಮೇಲಿದ್ದ ಮರಿಹುಳುಗಳನ್ನು ಒಣಗಿಸಿ ಕೊಲ್ಲುತ್ತಿತ್ತು. ಅದರ ಮೇಲೆ ನಮ್ಮ ಹಿರಿಯರು ಹುಲಜಂತಿ ಊರಿನ ದೇವರು ಮಾಳಿಂಗರಾಯನ ದೀಪಾವಳಿ ಜಾತ್ರೆ ಮುಗಿಸಿ ಹಿಂಡು ಹೊಡೆದುಕೊಂಡು ಹೊರಟರೆ ಮುಂದಿನ ಮಳೆಗೇ ಮರಳುವುದು. ಅಷ್ಟು ತಿಂಗಳು ಊರಿನ ಅಡವಿ ಖಾಲಿ ಬಿದ್ದಿರುತ್ತಿತ್ತು. ಒಂದು ಹೊಲದಲ್ಲಿ ಎರಡು ಮೂರು ರಾತ್ರಿ ಹಿಂಡು ನಿಲ್ಲಿಸಿ ಮುಂದೆ ನಡೆಯುವಾಗ, ಬಿಟ್ಟ ಹಿಕ್ಕೆಯಲ್ಲಿನ ಮೊಟ್ಟೆ ಮರಿಯಾಗುವ ಹೊತ್ತಿಗೆ ಕುರಿ ಹತ್ತು ಹರದಾರಿ ಆಚೆ ಇರುತ್ತಿತ್ತು. ಅಲೆದಾಟವೇ ಜಂತಿಗೆ ಮದ್ದಾಗಿತ್ತು.

ಈಗ ಮ್ಹೈಸಾಳ ಏತ ನೀರಾವರಿಯ ನೀರು ತಾಲೂಕಿನ ಕೆಲವು ಭಾಗಕ್ಕೆ ಬಂದಿದೆ. ಬರಲಿ, ಇನ್ನೂ ಬರಲಿ, ಆ ನೀರಿಗಾಗಿ ನಾವು ಎಷ್ಟು ವರ್ಷ ಕಾದಿದ್ದೇವೆ ಎಂಬುದು ನನಗೆ ಗೊತ್ತು. ಆದರೆ ಕಾಲುವೆಯ ಬದಿ, ದ್ರಾಕ್ಷಿ ತೋಟದ ಬದು, ದಾಳಿಂಬೆಯ ಸಾಲು ಮಾರ್ಚಿಯಲ್ಲೂ ಹಸಿರಾಗಿರುತ್ತದೆ. ದಿನವೂ ಅದೇ ಬದುವಿನಲ್ಲಿ ಅದೇ ಕುರಿ ಮೇಯುತ್ತದೆ. ಜಂತಿಗೆ ಈಗ ಬೇಸಿಗೆಯೇ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಕುಡಿಸುತ್ತಿದ್ದ ಔಷಧಿ ನಾಲ್ಕು ಸಲವಾಯಿತು, ಆರು ಸಲವಾಯಿತು.

ಔಷಧಿಯ ಕತೆ ಜಗತ್ತಿನ ಎಲ್ಲ ಕಡೆ ಒಂದೇ. ಥಯಾಬೆಂಡಝೋಲ್ 1961ರಲ್ಲಿ ಬಂತು. ಕೆಲವೇ ವರ್ಷಗಳಲ್ಲಿ ಅದಕ್ಕೆ ಬಗ್ಗದ ಹೀಮಾಂಕಸ್ ಕಾಣಿಸಿಕೊಂಡಿತು. 1981ರಲ್ಲಿ ಐವರ್‌ಮೆಕ್ಟಿನ್ ಬಂತು. ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯಿಂದ ಅದರ ಮೂಲವಸ್ತುವನ್ನು ಪಡೆದ ಸತೋಶಿ ಓಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿಯ ಗೌರವ ಸಂದಿತು. ಅಂಥ ಔಷಧಿಗೂ ಹತ್ತು ವರ್ಷ ತುಂಬುವ ಮೊದಲೇ ದಕ್ಷಿಣ ಆಫ್ರಿಕಾದ ಕುರಿ ಜಂತು ಎದುರು ನಿಂತಿತು. 2009ರಲ್ಲಿ ನ್ಯೂಜಿಲೆಂಡಿನಲ್ಲಿ ಮೊನೆಪ್ಯಾಂಟೆಲ್ ಎಂಬ ಹೊಸ ಔಷಧಿ ಮಾರುಕಟ್ಟೆಗೆ ಬಂದರೆ 2013ರ ಹೊತ್ತಿಗೆ ಅದನ್ನು ಮೀರಿದ ಜಂತುಗಳ ವರದಿಯಾಯಿತು. ಹಿಂಡಿಗೆಲ್ಲ ಒಂದೇ ದಿನ ಔಷಧಿ ಕುಡಿಸಿದಾಗ ಬಡ ಜಂತು ಸಾಯುತ್ತದೆ, ಗಟ್ಟಿ ಜಂತು ಉಳಿದು ಮೊಟ್ಟೆ ಇಡುತ್ತದೆ. ನಾವು ಟಗರು ಆರಿಸುವಂತೆಯೇ ಔಷಧಿ ಜಂತನ್ನು ಆರಿಸುತ್ತಾ ಬಂದಿದೆ. ಅತ್ತ ಜಂತಿನ ತಳಿ ಸುಧಾರಿಸುತ್ತಿದೆ, ಇತ್ತ ಜಂತಿನ ವಿಷಯದಲ್ಲಿ ಕುರಿಯ ತಳಿ ಕೆಡುತ್ತಿದೆ. ಹಿಂದೆ ಜಂತಿಗೆ ಸೋಲುವ ಕುರಿ ಮರಿ ಹಾಕುವ ಮೊದಲೇ ಸಾಯುತ್ತಿತ್ತು. ಈಗ ಔಷಧಿ ಅದನ್ನು ಉಳಿಸುತ್ತದೆ, ಅದರ ಮರಿಯನ್ನೂ ಉಳಿಸುತ್ತದೆ, ಆ ಮರಿಯ ಮೂಗು ಚೆನ್ನಾಗಿದ್ದರೆ ಅದೇ ಮುಂದಿನ ಹಿಂಡಿಗೆ ತಂದೆಯಾಗುತ್ತದೆ.

ಇಲ್ಲಿಂದ ಮುಂದಿನದನ್ನು ದಯವಿಟ್ಟು ಗಮನವಿಟ್ಟು ಕೇಳಿ.

ನೂರು ಕುರಿಗಳ ಹಿಂಡಿನಲ್ಲಿ ಜಂತುಗಳು ಸಮನಾಗಿ ಹಂಚಿಹೋಗಿರುವುದಿಲ್ಲ. 20ರಿಂದ 30 ಕುರಿಗಳ ಹೊಟ್ಟೆಯಲ್ಲೇ ಅವುಗಳ ಹೆಚ್ಚಿನ ಪಾಲು ಇರುತ್ತದೆ. ಒಂದೇ ಅಡವಿ, ಒಂದೇ ಹುಲ್ಲು, ಒಂದೇ ವಯಸ್ಸು, ಆದರೂ ಒಂದು ಕುರಿಯ ಒಂದು ಗ್ರಾಂ ಹಿಕ್ಕೆಯಲ್ಲಿ 200 ಮೊಟ್ಟೆ ಇದ್ದರೆ ಪಕ್ಕದ ಕುರಿಯದರಲ್ಲಿ 3,000 ಇರಬಹುದು. ಈ ವ್ಯತ್ಯಾಸದ ಒಂದು ಭಾಗ ಹುಟ್ಟಿನಿಂದ ಬಂದದ್ದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮುಂತಾದ ಕಡೆ ದಶಕಗಳಿಂದ ನಡೆದ ಲೆಕ್ಕಗಳಲ್ಲಿ ಹಿಕ್ಕೆಯ ಮೊಟ್ಟೆ ಎಣಿಕೆಯ ವ್ಯತ್ಯಾಸದಲ್ಲಿ ಸಾಮಾನ್ಯವಾಗಿ ಶೇಕಡಾ 20ರಿಂದ 30ರಷ್ಟು ತಂದೆ ತಾಯಿಗಳಿಂದ ಮರಿಗೆ ಇಳಿಯುವಂಥದ್ದು ಎಂದು ಕಂಡಿದೆ. ಮೈಬೆಳವಣಿಗೆಯ ಲೆಕ್ಕವೂ ಹೆಚ್ಚುಕಡಿಮೆ ಇಷ್ಟೇ. ದೊಡ್ಡ ಟಗರನ್ನು ಆರಿಸಿ ದೊಡ್ಡ ಮರಿ ಪಡೆಯಬಹುದು ಎಂದು ನೀವು ನಂಬುವುದಾದರೆ, ಜಂತು ತಡೆಯುವ ಟಗರನ್ನು ಆರಿಸಿ ಜಂತು ತಡೆಯುವ ಮರಿ ಪಡೆಯಬಹುದು ಎಂದೂ ನಂಬಬೇಕು.

ತಡೆಯುವ ಕುರಿಯ ಹೊಟ್ಟೆಯಲ್ಲಿ ಏನಾಗುತ್ತದೆ? ನುಂಗಿದ ಮರಿಹುಳು ಹೊಟ್ಟೆಯ ಗೋಡೆಗೆ ತಾಕುತ್ತಿದ್ದಂತೆ ಒಳಗಿನ ಕಾವಲಿನ ಕಣಗಳು ಅದನ್ನು ಗುರುತಿಸುತ್ತವೆ. ಲೋಳೆ ದಪ್ಪವಾಗುತ್ತದೆ. ಪ್ರತಿಕಾಯಗಳು ಜಂತಿನ ಬಾಯಿಗೆ ಅಡ್ಡ ಬರುತ್ತವೆ. ಕೆಲವು ಹುಳುಗಳು ನೆಲೆಯೂರದೆ ಹೊರಹೋಗುತ್ತವೆ. ನೆಲೆಯೂರಿದವು ಗಿಡ್ಡವಾಗಿ ಉಳಿದು ಕಡಿಮೆ ಮೊಟ್ಟೆ ಇಡುತ್ತವೆ. ಈ ಕೆಲಸಕ್ಕೆ ಒಂದೇ ಒಂದು ಜೀನ್ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೂರಾರು ಜೀನ್‌ಗಳು ಒಂದೊಂದು ಚಿಟಿಕೆ ಸೇರಿಸುತ್ತವೆ. ಸಣ್ಣ ಮರಿಗೆ ಈ ಶಕ್ತಿ ಇನ್ನೂ ಕೂಡಿರುವುದಿಲ್ಲ, ಹಾಲು ಬಿಡಿಸಿ ಕೆಲವು ತಿಂಗಳು ಹುಲ್ಲು ಮೇದ ಮೇಲೆ ಬರುತ್ತದೆ. ಈಯುವ ಮುಂಚೆ ಮತ್ತು ಈದ ಮೇಲೆ ಕೆಲವು ವಾರ ತಾಯಿಕುರಿಯ ಕಾವಲು ಸಡಿಲವಾಗುತ್ತದೆ, ಆಗ ಅದರ ಹಿಕ್ಕೆಯಲ್ಲಿ ಮೊಟ್ಟೆ ಏರುತ್ತದೆ. ನಮ್ಮ ಮನೆಗಳಲ್ಲಿ ತಾಯಂದಿರು ಈದ ಕುರಿಗೆ ಒಂದು ಹಿಡಿ ಶೇಂಗಾ ಹಿಂಡಿ ಇಡುತ್ತಾರಲ್ಲ, ಅದು ಹಾಲಿಗಷ್ಟೇ ಅಲ್ಲ, ಜಂತಿನ ಎದುರು ನಿಲ್ಲುವ ಶಕ್ತಿಗೂ ಹೋಗುತ್ತದೆ. ಆ ಹಿಡಿಯನ್ನು ಎರಡು ಮಾಡಿ ಎಂದು ಬೇಡಿಕೊಳ್ಳುತ್ತೇನೆ.

ಇನ್ನೊಂದು ಭೇದವನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ತಡೆಯುವ ಕುರಿ ಬೇರೆ, ತಾಳುವ ಕುರಿ ಬೇರೆ. ತಡೆಯುವ ಕುರಿ ಜಂತನ್ನು ಬೆಳೆಯಲು ಬಿಡುವುದಿಲ್ಲ. ತಾಳುವ ಕುರಿ ಹೊಟ್ಟೆ ತುಂಬ ಜಂತು ಇಟ್ಟುಕೊಂಡೂ ಮೈಕೈ ತುಂಬಿಕೊಂಡಿರುತ್ತದೆ. ಸಂತೆಯಲ್ಲಿ ಇವೆರಡೂ ಒಂದೇ ರೀತಿ ಕಾಣುತ್ತವೆ. ತಾಳುವ ಟಗರು ತಾನು ಚೆನ್ನಾಗಿರುತ್ತದೆ, ಆದರೆ ಅಡವಿಯನ್ನೆಲ್ಲ ಮೊಟ್ಟೆಯಿಂದ ತುಂಬಿಸುತ್ತದೆ. ಒಂದು ಗ್ರಾಂಗೆ 1,000 ಮೊಟ್ಟೆ, ದಿನಕ್ಕೆ ಒಂದು ಕಿಲೋ ಹಿಕ್ಕೆ ಎಂದು ಹಿಡಿಯಿರಿ. ದಿನಕ್ಕೆ 10 ಲಕ್ಷ ಮೊಟ್ಟೆ, ಒಂದೇ ಪ್ರಾಣಿಯಿಂದ. ಅದನ್ನು ತಿನ್ನುವುದು ಮರಿಗಳು. ತಡೆಯುವ ಕುರಿಗಳು ಹೆಚ್ಚಿದಂತೆ ಅಡವಿಯ ಮೊಟ್ಟೆ ಕಡಿಮೆಯಾಗುತ್ತದೆ, ಆಗ ತಡೆಯಲಾರದ ಮರಿಗೂ ಲಾಭ. ಕಣ್ಣಿನ ಅಂದಾಜು ಎಷ್ಟೇ ಪಳಗಿದ್ದರೂ ಈ ಎರಡನ್ನು ಬೇರ್ಪಡಿಸಲಾರದು. ಹಿಕ್ಕೆಯೇ ಹೇಳಬೇಕು.

ಇದು ಪರದೇಶದ ಮಾತು ಮಾತ್ರವಲ್ಲ. ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯಲ್ಲಿ ಮಾಲ್ಪುರಾ ಮತ್ತು ಅವಿಕಾಲಿನ್ ಕುರಿಗಳಲ್ಲಿ ಕಡಿಮೆ ಮೊಟ್ಟೆಯವನ್ನು ಒಂದು ಸಾಲಿನಲ್ಲಿ, ಹೆಚ್ಚು ಮೊಟ್ಟೆಯವನ್ನು ಇನ್ನೊಂದು ಸಾಲಿನಲ್ಲಿ ಬೆಳೆಸಿ ಹೋಲಿಸಿದ್ದಾರೆ. ಇನ್ನೂ ಹತ್ತಿರದ್ದು ನಮ್ಮ ಪಕ್ಕದ ಸಾತಾರಾ ಜಿಲ್ಲೆಯ ಫಲಟಣ. ಅಲ್ಲಿನ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯವರು ಆಸ್ಟ್ರೇಲಿಯಾದ ವಿಜ್ಞಾನಿಗಳೊಂದಿಗೆ ಸೇರಿ ದಖ್ಖನಿ ಕುರಿ, ಬನ್ನೂರು ಕುರಿ ಹಾಗೂ ಬಂಗಾಳದ ಸುಂದರಬನದ ಗರೋಲ್ ಕುರಿಯ ಮಿಶ್ರತಳಿಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಗರೋಲ್ ರಕ್ತವಿದ್ದ ಮರಿಗಳು ಜಂತನ್ನು ಹೆಚ್ಚು ಚೆನ್ನಾಗಿ ತಡೆದವು. ಜೌಗು ನೆಲದಲ್ಲಿ, ವರ್ಷವಿಡೀ ತೇವದಲ್ಲಿ ತಲೆತಲಾಂತರ ಬದುಕಿದ ಕುರಿ ಅದು. ಜಂತಿಗೆ ಸೋತವು ಅಲ್ಲಿ ಉಳಿಯಲಿಲ್ಲ. ಪೂರ್ವ ಆಫ್ರಿಕಾದ ಕೆಂಪು ಮಸಾಯಿ ಕುರಿಯದೂ ಇದೇ ಕತೆ. ಕೀನ್ಯಾದ ಕರಾವಳಿಯ ತೇವದಲ್ಲಿ ದೊಡ್ಡ ಮೈಯ ಡಾರ್ಪರ್ ಕುರಿಯ ಪಕ್ಕದಲ್ಲಿ ಇಟ್ಟು ನೋಡಿದಾಗ, ನೋಟಕ್ಕೆ ಬಡವಾದ ಮಸಾಯಿ ಕುರಿಯೇ ಹೆಚ್ಚು ಮರಿಗಳನ್ನು ಉಳಿಸಿಕೊಂಡಿತು.

ಹಾಗಾದರೆ ಗರೋಲ್ ತರೋಣವೇ ಎಂದು ಕೇಳುತ್ತೀರಿ. ನಾನು ಬೇಡ ಎನ್ನುತ್ತೇನೆ. ಬೆಳೆದ ಗರೋಲ್ ಕುರಿ ಹದಿನೈದು ಕಿಲೋ ತೂಗಿದರೆ ಹೆಚ್ಚು. ನಿಮ್ಮ ಮಾಡಗ್ಯಾಳ ಕುರಿಯ ಎತ್ತರ, ಮೂಗು, ಬೆಲೆ ಎಲ್ಲವನ್ನೂ ಅದು ಒಂದೇ ತಲೆಮಾರಿನಲ್ಲಿ ಇಳಿಸಿಬಿಡುತ್ತದೆ. ಅದರ ಅಗತ್ಯವೂ ಇಲ್ಲ. ಒಂದು ತಳಿಗೂ ಇನ್ನೊಂದಕ್ಕೂ ಎಷ್ಟು ಅಂತರವಿದೆಯೋ ಅಷ್ಟೇ ಅಂತರ ಒಂದೇ ತಳಿಯ ಒಳಗೂ ಇರುತ್ತದೆ. ನಿಮಗೆ ಬೇಕಾದ ಟಗರುಮರಿ ಈಗಾಗಲೇ ನಿಮ್ಮ ಹಟ್ಟಿಯಲ್ಲಿದೆ. ಅದು ಯಾವುದು ಎಂದು ಗೊತ್ತಿಲ್ಲದಿರುವುದರಿಂದ ನಾವು ಅದನ್ನು ಬಕ್ರೀದ್‌ಗೆ ಮಾರುತ್ತಿದ್ದೇವೆ. ಇದು ನನ್ನನ್ನು ಬಹಳ ನೋಯಿಸುವ ಸಂಗತಿ. ಎಲ್ಲಕ್ಕಿಂತ ಬೇಗ ಬೆಳೆದ, ಎಂದೂ ಕಾಯಿಲೆ ಬೀಳದ ಗಂಡುಮರಿಯೇ ಮೊದಲು ಗಾಡಿ ಏರುತ್ತದೆ. ಬೆಲೆ ಸಿಗದೆ ಉಳಿದದ್ದು ಹಿಂಡಿನಲ್ಲಿ ಓಡಾಡಿ ಬೀಜ ಬಿಡುತ್ತದೆ. ಹಬ್ಬದ ವ್ಯಾಪಾರ ಬೇಡ ಎನ್ನುವುದಿಲ್ಲ, ವರ್ಷದ ಸಾಲ ತೀರುವುದೇ ಅದರಿಂದ. ಆದರೆ ಮೂವತ್ತು ಗಂಡುಮರಿಗಳಲ್ಲಿ ಎರಡನ್ನು ಮಾರದೆ ಇಟ್ಟುಕೊಳ್ಳುವ ಶಕ್ತಿ ಪ್ರತಿ ಹಟ್ಟಿಗೂ ಬರಬೇಕು.

ಆ ಎರಡನ್ನು ಹುಡುಕುವ ದಾರಿ ಹೀಗೆ. ಮರಿಗಳಿಗೆ ನಾಲ್ಕರಿಂದ ಆರು ತಿಂಗಳಾಗಿರಬೇಕು. ಮಳೆಗಾಲದ ನಡುವೆ ಅಥವಾ ಹಿಂಗಾರಿನಲ್ಲಿ, ಜಂತು ಹೆಚ್ಚಿರುವಾಗಲೇ ನೋಡಬೇಕು. ಬೇಸಿಗೆಯಲ್ಲಿ ಎಲ್ಲವೂ ಒಳ್ಳೆಯ ಕುರಿಗಳೇ. ಹಿಂದಿನ ಆರು ವಾರ ಔಷಧಿ ಕುಡಿಸಿರಬಾರದು. ಒಂದೇ ವಯಸ್ಸಿನ, ಒಟ್ಟಿಗೆ ಮೇದ ಮರಿಗಳನ್ನು ಮಾತ್ರ ಹೋಲಿಸಬೇಕು. ಉಮದಿಯ ಹಿಂಡಿನ ಎಣಿಕೆಯನ್ನು ಸಂಖದ ಹಿಂಡಿನ ಎಣಿಕೆಯೊಂದಿಗೆ ಹೋಲಿಸಿದರೆ ಅರ್ಥವಿಲ್ಲ. ಪ್ರತಿ ಮರಿಯ ಹಿಕ್ಕೆಯನ್ನೂ ಬೇರೆ ಬೇರೆ ತೆಗೆದುಕೊಳ್ಳಬೇಕು. ಪ್ರಯೋಗಾಲಯದಲ್ಲಿ ಎರಡು ಗ್ರಾಂ ಹಿಕ್ಕೆಯನ್ನು ಗಾಢ ಉಪ್ಪುನೀರಿನಲ್ಲಿ ಅರೆದು ಸೋಸುತ್ತಾರೆ. ಆ ನೀರಿಗಿಂತ ಹಗುರವಾದ ಮೊಟ್ಟೆಗಳು ಮೇಲೆ ತೇಲುತ್ತವೆ. ಗೆರೆ ಕೊರೆದ ಗಾಜಿನ ಗೂಡಿಗೆ ಅದನ್ನು ತುಂಬಿ ಸೂಕ್ಷ್ಮದರ್ಶಕದ ಕೆಳಗೆ ಎಣಿಸುತ್ತಾರೆ. ಸಿಡ್ನಿಯ ಮ್ಯಾಕ್‌ಮಾಸ್ಟರ್ ಪ್ರಯೋಗಾಲಯದ ಹೆಸರು ಹೊತ್ತ ಈ ಗೂಡು 1939ರಿಂದ ಹೆಚ್ಚೇನೂ ಬದಲಾಗಿಲ್ಲ. ಹತ್ತನೆಯ ತರಗತಿ ಓದಿದ ಹುಡುಗಿ ಒಂದು ವಾರದಲ್ಲಿ ಈ ಕೆಲಸ ಕಲಿಯಬಲ್ಲಳು.

ಒಂದು ತಿಂಗಳ ಅಂತರದಲ್ಲಿ ಎರಡು ಸಲ ಎಣಿಸಿ. ಎರಡೂ ಸಲ ಕಡಿಮೆ ಬಂದ ಮರಿಗಳನ್ನು ಬೇರೆ ಮಾಡಿ, ಆಮೇಲೆ ನಿಮ್ಮ ಕಣ್ಣು ತನ್ನ ಕೆಲಸ ಮಾಡಲಿ. ಅವುಗಳಲ್ಲಿ ಚೆನ್ನಾಗಿ ಬೆಳೆದದ್ದು, ಮೂಗು ಬಾಗಿದ್ದು, ಕಾಲು ನೆಟ್ಟಗಿರುವುದು ಯಾವುದೋ ಅದೇ ನಿಮ್ಮ ಬೀಜದ ಟಗರು. ಅತಿ ಕಡಿಮೆ ಎಣಿಕೆಯ ಸಣಕಲು ಮರಿಯನ್ನು ಇಟ್ಟುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಜಂತಿನ ಎದುರು ಹೋರಾಡುವುದಕ್ಕೂ ಕುರಿ ತಿಂದದ್ದರಲ್ಲೇ ಖರ್ಚು ಮಾಡಬೇಕು. ಕೆಲವು ದೇಶಗಳ ಹಿಂಡುಗಳಲ್ಲಿ ಅತಿಯಾಗಿ ತಡೆಯುವ ಕುರಿಗಳ ಬೆಳವಣಿಗೆ ತುಸು ಹಿಂದೆ ಬಿದ್ದದ್ದೂ, ಬೇಗ ಭೇದಿಯಾಗುವುದೂ ಕಂಡಿದೆ. ಎರಡನ್ನೂ ತೂಗಿ ನೋಡುವುದು ಕುರಿಗಾರನ ಕೆಲಸ, ಪುಸ್ತಕದ್ದಲ್ಲ.

ಎಷ್ಟು ಫಲ ಸಿಗುತ್ತದೆ? ಒರಟು ಲೆಕ್ಕ ಹೇಳುತ್ತೇನೆ. ನಿಮ್ಮ ಮರಿಗಳ ಸರಾಸರಿ ಎಣಿಕೆ 1,200, ನೀವು ಆರಿಸಿದ ಟಗರಿನದು 400. ಅಂತರ 800. ಅದರಲ್ಲಿ ಕಾಲು ಭಾಗ ಹುಟ್ಟಿನದು ಎಂದರೆ 200. ಮರಿಗೆ ತಂದೆಯಿಂದ ಬರುವುದು ಅದರ ಅರ್ಧ, 100. ಇದು ಕಡಿಮೆ ಎನಿಸಬಹುದು. ಆದರೆ ಮುಂದಿನ ಟಗರೂ ಹೀಗೆಯೇ ಆರಿಸಿದ್ದು, ಅದರ ತಾಯಿಯೂ ಆರಿಸಿದ ಟಗರಿನ ಮಗಳು ಎಂದಾಗ ಈ ಗಳಿಕೆ ಕೂಡುತ್ತಾ ಹೋಗುತ್ತದೆ. ಔಷಧಿಯ ಫಲ ಮೂರು ವಾರಕ್ಕೆ ಮುಗಿಯುತ್ತದೆ. ಇದು ಹಾಗೆ ಮುಗಿಯುವುದಿಲ್ಲ.

ಅಲ್ಲಿಯವರೆಗೆ ಔಷಧಿಯನ್ನು ಬಿಡಿ ಎಂದಲ್ಲ, ಅದನ್ನು ಕಾಪಾಡಿ ಎನ್ನುತ್ತೇನೆ. ದಕ್ಷಿಣ ಆಫ್ರಿಕಾದ ಪಶುವೈದ್ಯ ಫಾಫಾ ಮಲಾನ್ ಅವರ ಹೆಸರಿನಿಂದ ಬಂದ ಫಮಾಚಾ ಎಂಬ ಬಣ್ಣದ ಪಟ್ಟಿ ಇದೆ. ಕುರಿಯ ಕೆಳರೆಪ್ಪೆ ಎಳೆದು ಒಳಗಿನ ಬಣ್ಣವನ್ನು ಐದು ಬಣ್ಣಗಳೊಂದಿಗೆ ಹೋಲಿಸಬೇಕು. ಒಂದು ಮತ್ತು ಎರಡು ಕೆಂಪು, ಔಷಧಿ ಬೇಡ. ನಾಲ್ಕು ಮತ್ತು ಐದು ಬಿಳಿಚು, ಅಂದೇ ಕುಡಿಸಬೇಕು. ಮೂರಿದ್ದರೆ ಮರಿಗೆ, ಗಬ್ಬದ ಕುರಿಗೆ ಕುಡಿಸಿ. ಕುಡಿಸದೆ ಬಿಟ್ಟ ಕುರಿಗಳಲ್ಲಿ ಔಷಧಿಯ ರುಚಿ ಕಾಣದ ಜಂತುಗಳು ಉಳಿಯುತ್ತವೆ. ಅವು ಗಟ್ಟಿ ಜಂತುಗಳೊಂದಿಗೆ ಬೆರೆತು ಔಷಧಿಯ ಆಯುಷ್ಯವನ್ನು ಉಳಿಸುತ್ತವೆ. ಮೂರು ಸಲ ಬಿಳಿಚಿಕೊಂಡ ಹೆಣ್ಣುಕುರಿಯ ಕಿವಿಗೆ ಗುರುತು ಮಾಡಿ, ಅದರ ಗಂಡುಮರಿಯನ್ನು ಎಂದೂ ಬೀಜಕ್ಕೆ ಬಿಡಬೇಡಿ.

ಮಾತು ಮುಗಿದ ಮೇಲೆ ಮೊದಲು ಕೇಳಿದವರು ಹಿಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಒಬ್ಬ ಹಿರಿಯರು. “ನಮ್ಮ ಟಗರು ಪಕ್ಕದ ಹಿಂಡಿಗೂ ಹೋಗುತ್ತದೆ, ಅವರ ಟಗರು ನಮ್ಮ ಹಿಂಡಿಗೂ ಬರುತ್ತದೆ. ನಾನೊಬ್ಬ ಆರಿಸಿ ಏನು ಮಾಡಲಿ?” ಅಜ್ಜನ ಪ್ರಶ್ನೆ ನ್ಯಾಯವಾದದ್ದು. ಒಟ್ಟಿಗೆ ಮೇಯುವ ನಾಲ್ಕೈದು ಹಟ್ಟಿಗಳು ಸೇರಿ ಟಗರು ಆರಿಸಬೇಕು, ಎರಡು ವರ್ಷಕ್ಕೊಮ್ಮೆ ತಮ್ಮೊಳಗೇ ಅದಲುಬದಲು ಮಾಡಿಕೊಳ್ಳಬೇಕು ಎಂದೆ. ಇಲ್ಲವಾದರೆ ಟಗರು ತನ್ನ ಮಗಳ ಮೇಲೇ ಹಾರಿ ಬೇರೆ ದೋಷಗಳು ಬರುತ್ತವೆ.

ಆಮೇಲೆ ಒಬ್ಬ ತಾಯಿ ಎದ್ದು ನಿಂತರು. “ಹಿಕ್ಕೆಯನ್ನು ನೆಲದಿಂದ ಆರಿಸಿ ತರಬಹುದೇ?” ಎಂದು ಕೇಳಿದರು. ನೆಲದ್ದು ಬೇಡ ತಾಯಿ, ಯಾವ ಕುರಿಯದು ಎಂದು ಗೊತ್ತಾಗುವುದಿಲ್ಲ, ಮಣ್ಣಿನ ಹುಳುಗಳೂ ಸೇರುತ್ತವೆ ಎಂದೆ. ಬೆಳಿಗ್ಗೆ ಹಿಂಡು ಬಿಡುವ ಮೊದಲು ಬೆರಳಿಗೆ ಎಣ್ಣೆ ಸವರಿಕೊಂಡು ಗುದದಿಂದಲೇ ಎಂಟು ಹತ್ತು ಹಿಕ್ಕೆ ತೆಗೆಯಿರಿ. ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಪೂರ್ತಿ ಹೊರಹೋಗುವಂತೆ ಹಿಸುಕಿ ಕಟ್ಟಿರಿ. ಗಾಳಿ ಉಳಿದರೆ ಮೊಟ್ಟೆ ಒಡೆದು ಎಣಿಕೆ ತಪ್ಪುತ್ತದೆ. ಚೀಲದ ಮೇಲೆ ಮರಿಯ ಗುರುತು ಬರೆಯಿರಿ. ಬಿಸಿಲಿಗೆ ಬೀಳದಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಅಂದೇ ತಲುಪಿಸಿರಿ. ಅವರು ಅಲ್ಲೇ ಶಾಲೆಯ ಹುಡುಗನ ನೋಟ್‌ಬುಕ್ಕಿನ ಹಾಳೆಯೊಂದನ್ನು ಕೇಳಿ ಪಡೆದು, ಅವನಿಂದಲೇ ಇದನ್ನೆಲ್ಲ ಬರೆಸಿಕೊಂಡು, ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.